ಗಾಲಿಗೆಷ್ಟು ಎತ್ತರ?

ಬಳ್ಳಾರಿಗೆ ಬಂದಿಳಿದ ಯಾತ್ರಿಕನ ಕಣ್ಣಿಗೆ ಮೊಟ್ಟಮೊದಲು ಬೀಳುವುದು ಊರಿನ ನಡುವೆ ಎದ್ದು ನಿಂತಿರುವ ಬಂಡೆಯ ಗುಡ್ಡ, ಅದರ ನೆತ್ತಿಯ ಮೇಲಿನ ಕೋಟೆ. ಮೇಲುಕೋಟೆಯನ್ನು ಕಟ್ಟಿಸಿದವನು ಹನುಮಪ್ಪ ನಾಯಕ. ಕೆಳಗಿನ ಕೋಟೆ ಹೈದರಾಲಿಯ ಕಾಲದ್ದು. ಕೆಳಕೋಟೆಯ ಕೆಲಸಕ್ಕೆ ಹೈದರನು ಒಬ್ಬ ಫ್ರೆಂಚ್ ಎಂಜಿನಿಯರನನ್ನು ನೇಮಿಸಿದನಂತೆ. ಕೋಟೆಯೆಲ್ಲ ಮುಗಿದ ಮೇಲೆ, ಎದುರಿಗಿರುವ ಕುಂಬಾರ ಗುಡ್ಡವು ಕೋಟೆಗಿಂತ ಎತ್ತರವಾಗಿದೆ, ಅಲ್ಲಿ ಫಿರಂಗಿ ಹೂಡಿದರೆ ಕೋಟೆ ಉಳಿಯುವಂತಿಲ್ಲ ಎಂಬುದು ಗೊತ್ತಾಗಿ, ಆ ಎಂಜಿನಿಯರನನ್ನು ಕೋಟೆಯ ಬಾಗಿಲಲ್ಲಿಯೇ ಗಲ್ಲಿಗೇರಿಸಿದನೆಂದು ಊರಿನವರು ಇಂದಿಗೂ ಕಥೆ ಹೇಳುತ್ತಾರೆ. ಕಥೆ ಎಷ್ಟು ನಿಜವೋ! ಎತ್ತರದ ಲೆಕ್ಕ ತಪ್ಪಿದರೆ ಪ್ರಾಣಕ್ಕೆ ಬರುತ್ತದೆಂಬ ಮಾತು ಮಾತ್ರ ಬಳ್ಳಾರಿಗೆ ಹೊಸದಲ್ಲ.

ಇಂದು ಅದೇ ಗುಡ್ಡದ ನೆರಳಿನ ಊರಿನಲ್ಲಿ ಕಿವಿಗೆ ಬೀಳಬಹುದಾದ ಎತ್ತರದ ಮಾತು ಬೇರೆ ಬಗೆಯದು. ಅದು ಜೀಪಿನ ಎತ್ತರ. ಎರಡನೆಯ ಮಹಾಯುದ್ಧದಲ್ಲಿ ಹುಟ್ಟಿದ ಈ ಬಂಡಿಯನ್ನು ೧೯೪೭ರಿಂದೀಚೆಗೆ ಮಹೀಂದ್ರ ಕಂಪನಿಯವರು ನಮ್ಮ ದೇಶದಲ್ಲಿಯೇ ಜೋಡಿಸತೊಡಗಿದರು. ಸೊಂಡೂರಿನ ಗಣಿಯ ಗುಡ್ಡಗಳಿಗೂ ತುಂಗಭದ್ರೆಯ ಬಯಲಿನ ಹೊಲದಾರಿಗಳಿಗೂ ಅದಕ್ಕಿಂತ ಒಗ್ಗಿದ ವಾಹನ ಬೇರೊಂದಿರಲಿಲ್ಲ. ಅದರ ಮರಿಮಕ್ಕಳು ಇಂದು ಬಣ್ಣಬಣ್ಣದ ಅಂಗಿ ತೊಟ್ಟು ಪೇಟೆಯಲ್ಲಿಯೂ ಓಡಾಡುತ್ತಿವೆ. ಆದರೆ ಕಂಪನಿ ಕೊಟ್ಟ ಎತ್ತರ ಸಾಲದೆಂದು ಕಮಾನು ಪಟ್ಟಿಗಳನ್ನು ಬದಲಾಯಿಸಿ, ದಪ್ಪ ಗಾಲಿಗಳನ್ನು ತೊಡಿಸಿ, ಜೀಪನ್ನು ಮತ್ತಷ್ಟು ಮೇಲಕ್ಕೆತ್ತಿಸುವುದು ತರುಣರಿಗೆ ಒಂದು ಗೀಳಾಗಿದೆ. ಎತ್ತರವಾದ ಜೀಪು ನೋಡಲು ಚೆಂದವೆಂಬುದನ್ನು ಅಲ್ಲಗಳೆಯುವಂತಿಲ್ಲ.

ಬಳ್ಳಾರಿಯಲ್ಲಿ ಮನೆಯೂ ಸಿರುಗುಪ್ಪದ ಕಡೆಗೆ ಗದ್ದೆಯೂ ಇರುವ ಒಂದು ಕುಟುಂಬವನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಮನೆಯಲ್ಲಿ ಒಬ್ಬ ತರುಣ, ಅವನ ಹಳೆಯ ಜೀಪು, ಗದ್ದೆ ನೋಡಿಕೊಳ್ಳುವ ಸೋದರಮಾವ, ಜೊತೆಗೆ ಮಾವನ ತಾಯಿಯಾದ ಅಜ್ಜಿ. ಅಜ್ಜಿಗೆ ಕುರುಗೋಡಿನ ದೊಡ್ಡಬಸವೇಶ್ವರನ ದರ್ಶನವಾಗಬೇಕು. ಮಾವನಿಗೆ ಕಾಲುವೆಗೆ ನೀರು ಬಂದಿರುವುದರಿಂದ ಗದ್ದೆಗೆ ಹೋಗಬೇಕು. ತರುಣನಿಗೆ ಜೀಪನ್ನು ಎತ್ತರ ಮಾಡಿಸಲು ಮಾವನ ಒಪ್ಪಿಗೆಯೂ ಅರ್ಧ ಹಣವೂ ಬೇಕು. ಹೀಗೆ ಮೂವರೂ ಒಂದು ಆಷಾಢದ ಬೆಳಗ್ಗೆ ಹೊರಟರೆನ್ನಿ.

“ಮಾವ, ನಾಲ್ಕಿಂಚು ಎತ್ತರ ಮಾಡಿಸೋಣಂತ ಮಾಡೀನಿ. ಗಾಲೀನೂ ಅಗಲಂದು ಹಾಕಿಸ್ತೀನಿ.”

“ನಾಲ್ಕಿಂಚು ಯಾಕಪಾ? ಯಾರು ಅಳತಿ ಕೊಟ್ಟಾರ?”

“ಎಲ್ಲಾರೂ ಅಷ್ಟ ಮಾಡಿಸ್ತಾರ.”

“ಎಲ್ಲಾರ ಹಾದೀನೂ ನಿನ್ನ ಹಾದಿಯಂಗ ಐತೇನು?”

ಮಾವನ ಪ್ರಶ್ನೆ ಸಣ್ಣದಲ್ಲ. ಬಳ್ಳಾರಿಯಿಂದ ವಾಯವ್ಯಕ್ಕೆ ಸುಮಾರು ೩೦ ಕಿಲೋಮೀಟರು ಹೋದರೆ ಕುರುಗೋಡು, ಅಲ್ಲಿ ಕಲ್ಲು. ಉತ್ತರಕ್ಕೆ ೫೦ ಕಿಲೋಮೀಟರಿಗೂ ಮಿಗಿಲಾಗಿ ಹೋದರೆ ಸಿರುಗುಪ್ಪ, ಅಲ್ಲಿ ಕೆಸರು. ಪೂರ್ವದಂಚಿನಲ್ಲಿ ಹಗರಿ ನದಿ, ಅಲ್ಲಿ ಮರಳು. ಒಂದೇ ದಿನದಲ್ಲಿ ಸುತ್ತಿ ಬರಬಹುದಾದಷ್ಟು ನೆಲದಲ್ಲಿ ಮೂರು ಬಗೆಯ ಹಾದಿ. ಒಂದಕ್ಕೆ ಹಿತವಾದ ಗಾಲಿ ಇನ್ನೊಂದಕ್ಕೆ ಶತ್ರು.

ಕುರುಗೋಡು ಒಂದು ಕಾಲಕ್ಕೆ ಸಿಂದ ಅರಸರ ರಾಜಧಾನಿ. ಹಳೆಯ ಗುಡಿಗಳು, ಶಾಸನಗಳು, ಗುಡ್ಡದ ಮೇಲೊಂದು ಕೋಟೆ. ಎತ್ತ ನೋಡಿದರೂ ದೈತ್ಯರು ಆಟವಾಡಿ ಬಿಟ್ಟುಹೋದಂತೆ ಒಂದರ ಮೇಲೊಂದು ಕುಳಿತ ಬಂಡೆಗಳು. ಪೇಟೆಯ ಬೀದಿ ಬಿಟ್ಟು ಗುಡ್ಡದ ಬುಡದ ಹಾದಿಗಿಳಿದ ಕೂಡಲೆ ಜೀಪಿನ ಒಂದು ಗಾಲಿ ಕಲ್ಲಿನ ಮೇಲೇರುತ್ತದೆ, ಇನ್ನೊಂದು ಕುಣಿಗಿಳಿಯುತ್ತದೆ. ಅಡಿಯಲ್ಲಿ ಏನೋ ಕರ್ರೆಂದು ಉಜ್ಜುತ್ತದೆ. “ನೋಡಿದಿಯಾ ಮಾವ, ಇದಕ್ಕ ಎತ್ತರ ಬೇಕು ಅನ್ನೋದು,” ಎಂದು ಅಳಿಯ ಗೆದ್ದವನಂತೆ ನಗುತ್ತಾನೆ. ಮಾವ ಕೆಳಗಿಳಿದು ಬಗ್ಗಿ ನೋಡುತ್ತಾನೆ. ಉಜ್ಜಿದ್ದು ಜೀಪಿನ ಮೈಯಲ್ಲ. ಹಿಂದಿನ ಅಚ್ಚಿನ ನಡುವೆ ಇರುವ ಡಿಫರೆನ್ಷಿಯಲ್ ಎಂಬ ಹಲ್ಲುಗಾಲಿಗಳ ಗುಂಡು ಪೆಟ್ಟಿಗೆ.

ಜೀಪನ್ನು ಎತ್ತಿಸುವವರಲ್ಲಿ ಅನೇಕರು ಮರೆಯುವ ವಿಷಯ ಇದೇ. ಕಮಾನು ಪಟ್ಟಿಯನ್ನು ಎಷ್ಟೇ ಬಾಗಿಸಿ ಎತ್ತಿದರೂ ಏರುವುದು ಪಟ್ಟಿಯ ಮೇಲಿರುವ ಮೈ ಮಾತ್ರ. ಅಚ್ಚು ಎಲ್ಲಿತ್ತೋ ಅಲ್ಲಿಯೇ ಇರುತ್ತದೆ, ಅದರ ಗುಂಡೂ ಅಲ್ಲಿಯೇ. ಅಚ್ಚನ್ನು ನೆಲದಿಂದ ಮೇಲೆತ್ತಬಲ್ಲದ್ದು ಗಾಲಿಯೊಂದೇ. ಗಾಲಿಯ ಅಡ್ಡಳತೆ ಎರಡು ಇಂಚು ಹೆಚ್ಚಿದರೆ ಅಚ್ಚು ಒಂದು ಇಂಚು ಏರುತ್ತದೆ. ನಾಲ್ಕಿಂಚು ಪಟ್ಟಿಯಿಂದ ಎತ್ತಿಸಿ ಹಳೆಯ ಗಾಲಿಯನ್ನೇ ಉಳಿಸಿಕೊಂಡ ಜೀಪು, ಹೊಸ ಪಾದರಕ್ಷೆ ಕೊಳ್ಳದೆ ಪೇಟ ಸುತ್ತಿ ಎತ್ತರವಾದ ಮನುಷ್ಯನಂತೆ! ಎಡವುವ ಕಲ್ಲು ಅವನನ್ನು ಬಿಡುವುದಿಲ್ಲ. ಹಾಗೆಂದು ಪಟ್ಟಿಯ ಎತ್ತರ ವ್ಯರ್ಥವೆಂದಲ್ಲ. ದೊಡ್ಡ ಗಾಲಿ ಮೇಲೆದ್ದಾಗ ಮಡ್‌ಗಾರ್ಡಿಗೆ ತಗುಲದಂತೆ ಜಾಗ ಬೇಕು. ಹೊಟ್ಟೆ ದಿಬ್ಬಕ್ಕೆ ಕೂರಬಾರದು. ಅಷ್ಟಕ್ಕೆ ಬೇಕಾದಷ್ಟು ಎತ್ತಿದರೆ ಅದರ ಕೆಲಸ ಮುಗಿಯಿತು.

ಅಜ್ಜಿಯ ದರ್ಶನವಾಗುತ್ತದೆ. ಗುಡಿಯೊಳಗಿನ ಬೃಹತ್ ಬಸವನ ಮುಂದೆ ಆಕೆ ಕಣ್ಣು ಮುಚ್ಚಿ ನಿಂತಿರುವಾಗ ಮಾವನಿಗೆ ಈ ದೇವರ ತೇರಿನ ನೆನಪಾಗುತ್ತದೆ. ತೇರಿಗೆ ಕಮಾನಿಲ್ಲ, ಶಾಕ್ ಅಬ್ಸಾರ್ಬರಿಲ್ಲ. ಅಷ್ಟೆತ್ತರದ ಗೋಪುರವನ್ನು ಕಾಯುವುದು ಅಗಲವಾದ ಪೀಠ, ಭಾರವಾದ ಗಾಲಿ, ನಿಧಾನದ ನಡಿಗೆ, ಗಾಲಿಯಡಿಗೆ ಮರದ ತುಂಡು ಕೊಟ್ಟು ತಿರುಗಿಸುವವರ ಎಚ್ಚರ. ಅಷ್ಟಿದ್ದೂ ೨೦೧೭ರ ಫೆಬ್ರವರಿಯಲ್ಲಿ ಕೊಟ್ಟೂರಿನ ತೇರು ಅಚ್ಚು ಮುರಿದು ಉರುಳಿದ್ದನ್ನು ಈ ಸೀಮೆಯವರು ಮರೆತಿಲ್ಲ. ಕೊಟ್ಟೂರು ಆಗ ಬಳ್ಳಾರಿ ಜಿಲ್ಲೆಯಲ್ಲಿತ್ತು. ೨೦೨೧ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಮಾವ ಬಾಯಿಬಿಟ್ಟು ಹೇಳುವುದು ಇಷ್ಟೇ: “ತೇರು ವರ್ಷಕ್ಕೊಂದು ಸಲ ನಡೀತೈತಿ. ನಿನ್ನ ಜೀಪು ದಿನಾ ಓಡ್ತೈತಿ.”

ಕುರುಗೋಡಿನಿಂದ ಸಿರುಗುಪ್ಪದ ಕಡೆಗೆ ಸಾಗಿದಂತೆ ಬಂಡೆಗಳು ಹಿಂದೆ ಸರಿದು ಬಯಲು ತೆರೆದುಕೊಳ್ಳುತ್ತದೆ. ಬಳ್ಳಾರಿ ಎಂದರೆ ಬೇಸಿಗೆ ಮತ್ತು ಕಡುಬೇಸಿಗೆ ಎಂಬ ಎರಡೇ ಕಾಲವುಳ್ಳ ಊರೆಂದು ನಗೆಯಾಡುವವರು ಇಲ್ಲಿಗೆ ಬಂದು ನೋಡಬೇಕು. ಕಣ್ಣು ಹರಿಯುವವರೆಗೆ ನೀರು ನಿಂತ ಮಡಿಗಳು, ಬಾಗಿ ನಾಟಿ ಹಾಕುವ ಹೆಂಗಸರ ಸಾಲು, ಬೆಳ್ಳಕ್ಕಿಗಳು. ವಿಜಯನಗರದ ಅರಸರ ಕಾಲದ ಕಾಲುವೆಗಳು ಸಿರುಗುಪ್ಪಕ್ಕೂ ದೇಶನೂರಿಗೂ ಅಂದಿನಿಂದಲೇ ನೀರುಣಿಸುತ್ತಿದ್ದುವು. ೧೯೫೩ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಹೊಸ ಕಾಲುವೆಗಳಿಗೆ ಹರಿಯಿತು. ಅದೇ ವರುಷದ ಅಕ್ಟೋಬರ್ ಒಂದರಂದು ಈ ತಾಲೂಕುಗಳು ಮದರಾಸಿನ ಆಡಳಿತದಿಂದ ಬಿಡುಗಡೆಯಾಗಿ ಮೈಸೂರಿಗೆ ಸೇರಿದುವು. ಜೋಳ, ಹತ್ತಿಗಳ ಎರೆಹೊಲಗಳು ಅಂದಿನಿಂದ ಭತ್ತದ ಗದ್ದೆಗಳಾಗುತ್ತ ಬಂದುವು. ಮಣ್ಣು ಮಾತ್ರ ಅದೇ ಎರೆಮಣ್ಣು.

ಎರೆಮಣ್ಣಿನ ಸ್ವಭಾವ ವಿಚಿತ್ರವಾದುದು. ಬೇಸಿಗೆಯಲ್ಲಿ ಕುಗ್ಗಿ, ಕೈ ಇಳಿಯುವಷ್ಟು ಬಿರುಕು ಬಿಟ್ಟು, ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಮಳೆ ಬಿದ್ದೊಡನೆ ಉಬ್ಬಿ, ಅಂಟಾಗಿ, ನಡೆಯುವವನ ಚಪ್ಪಲಿಗೆ ಹೆಜ್ಜೆಗೊಂದು ಪದರ ಹತ್ತಿಕೊಳ್ಳುತ್ತದೆ. ಈ ಮಣ್ಣನ್ನೂ ಅದರ ಮೇಲೆ ಹರಿಯುವ ನೀರನ್ನೂ ಅಭ್ಯಾಸ ಮಾಡಲೆಂದೇ ೧೯೫೪ರಲ್ಲಿ ಬಳ್ಳಾರಿಯಲ್ಲಿ ಒಂದು ಸಂಶೋಧನಾ ಕೇಂದ್ರ ತೆರೆಯಿತು. ಆದರೆ ಬಡಗಿಗಳು ಅದಕ್ಕೂ ಎಷ್ಟೋ ಮುಂಚೆ ಈ ಮಣ್ಣಿಗೆ ತಮ್ಮದೇ ಉತ್ತರ ಕಂಡುಕೊಂಡಿದ್ದರು. ಹಳೆಯ ಎತ್ತಿನ ಬಂಡಿಯ ಗಾಲಿಯನ್ನು ಮಾವ ನೆನಪು ಮಾಡಿಕೊಡುತ್ತಾನೆ. ಅದು ಮನುಷ್ಯನ ಎದೆಯ ಮಟ್ಟಕ್ಕೆ ಬರುವಷ್ಟು ಎತ್ತರ. ಕಬ್ಬಿಣದ ಹಳಿ ಮಾತ್ರ ನಾಲ್ಕು ಬೆರಳಿಗಿಂತ ಕಿರಿದು. ಮೇಲಿನ ಅಂಟನ್ನು ಸೀಳಿಕೊಂಡು ಕೆಳಗಿನ ಗಟ್ಟಿ ನೆಲವನ್ನು ಮುಟ್ಟುವುದು ಅದರ ಉಪಾಯ. ಎತ್ತರವಿದ್ದುದರಿಂದ ಗುಂಬವೂ ಅಚ್ಚೂ ಕೆಸರಿಗೆ ತಾಗುತ್ತಿರಲಿಲ್ಲ. ಆಮೇಲೆ ಬಂದ ಟೈರಿನ ಬಂಡಿ ಡಾಂಬರು ರಸ್ತೆಯಲ್ಲಿ ಎತ್ತುಗಳಿಗೆ ಸುಖ ಕೊಟ್ಟಿತು, ಹೇರು ಹೆಚ್ಚಿಸಿತು; ಮಳೆಗಾಲದ ಎರೆಹೊಲದಲ್ಲಿ ಮಾತ್ರ ಹಳೆಯ ಗಾಲಿಯವರು ನಗುತ್ತಿದ್ದರು.

ಗದ್ದೆಯೊಳಗೆ ಈಗ ಟ್ರ್ಯಾಕ್ಟರು ಉಳುತ್ತಿದೆ. ಅದರ ಹಿಂದಿನ ಗಾಲಿಗೆ ಪಂಜರದಂಥ ಕಬ್ಬಿಣದ ಚಕ್ರ. ರೈತರ ಬಾಯಲ್ಲಿ ಅದು ಕೇಜ್ ವೀಲ್. ಅದರ ಪಟ್ಟಿಗಳು ಕೆಸರನ್ನು ಕಲಸುತ್ತ, ನಡುವಿನ ತೆರಪಿನಿಂದ ಮಣ್ಣನ್ನು ಉದುರಿಸುತ್ತ ಮುಂದೆ ಹೋಗುತ್ತವೆ. ಗದ್ದೆಗೆ ಅದಕ್ಕಿಂತ ಮಿಗಿಲಾದ ಗಾಲಿಯಿಲ್ಲ. ಅದೇ ಗಾಲಿ ರಸ್ತೆಗೆ ಬಂದರೆ ಡಾಂಬರನ್ನು ಉತ್ತುಹಾಕುತ್ತದೆ. ಆದುದರಿಂದಲೇ ಅದನ್ನು ರಸ್ತೆಗಿಳಿಸಬಾರದೆಂದು ಅಧಿಕಾರಿಗಳು ಎಚ್ಚರಿಸಬೇಕಾಗುತ್ತದೆ. ಕಟಾವಿನ ಕಾಲಕ್ಕೆ ಹಸಿ ಗದ್ದೆಗೆ ಬರುವ ಚೈನಿನ ಯಂತ್ರವೂ ಹಾಗೆಯೇ. ಅದನ್ನು ಲಾರಿಯ ಮೇಲೆ ಹೊತ್ತು ತರುತ್ತಾರೆ.

ಅಳಿಯನು ಮನಸ್ಸಿನಲ್ಲಿಟ್ಟುಕೊಂಡಿದ್ದ ಟೈರು ೩೧ ಇಂಚು ಎತ್ತರ, ಹತ್ತೂವರೆ ಇಂಚು ಅಗಲ. ಎತ್ತರದ ಬಗ್ಗೆ ಮಾವನಿಗೆ ತಕರಾರಿಲ್ಲ, ಅಗಲವೇ ಅವನಿಗೆ ಒಗ್ಗದು. ಅಗಲವಾದ ಟೈರು ಅಂಟು ಕೆಸರಿನ ಮೇಲೆ ತೇಲಲು ಹೋಗಿ ಜಾರುತ್ತದೆ. ತಳದ ಗಟ್ಟಿ ನೆಲ ಅದಕ್ಕೆ ಸಿಗುವುದಿಲ್ಲ. ಹಲ್ಲುಗಳ ಸಂದು ಕಿರಿದಾದರಂತೂ ಎರೆಮಣ್ಣು ಅಲ್ಲಿ ತುಂಬಿ, ಎರಡು ಸುತ್ತಿನಲ್ಲಿ ಗಾಲಿ ಬೋಳಾದ ಉಂಡೆಯಾಗುತ್ತದೆ. ಹಳೆಯ ಜೀಪಿಗೆ ಕಾರ್ಖಾನೆಯಿಂದ ಬರುತ್ತಿದ್ದುದು ೬.೦೦-೧೬ ಅಳತೆಯ ಟೈರು. ಅಗಲ ಆರು ಇಂಚು, ಎತ್ತರ ಸುಮಾರು ೨೮ ಇಂಚು. ೭.೦೦-೧೬ ಹಾಕಿದರೆ ಅಗಲ ಒಂದೇ ಇಂಚು ಹೆಚ್ಚು. ಎತ್ತರ ಮಾತ್ರ ೩೦ ಇಂಚನ್ನು ದಾಟುತ್ತದೆ, ಅಚ್ಚು ಒಂದು ಇಂಚಿಗೂ ಸ್ವಲ್ಪ ಮೇಲೆ ಏರುತ್ತದೆ. ಅದಕ್ಕೆ ತಕ್ಕ ಅಗಲದ ರಿಮ್ ಇರಬೇಕು, ಹಲ್ಲುಗಳು ದೂರ ದೂರ ಇರಬೇಕು. ಇದು ಹಳೆಯ ಬಂಡಿಗಾಲಿಯ ಉಪಾಯವನ್ನೇ ರಬ್ಬರಿನಲ್ಲಿ ಮಾಡಿದಂತೆ. ಎತ್ತರದ ಗಾಲಿಗೂ ತೆರಿಗೆಯುಂಟು ಎನ್ನಿ. ಒಂದು ಸುತ್ತಿಗೆ ಹೆಚ್ಚು ದೂರ ಹೋಗುವುದರಿಂದ ಎಂಜಿನ್ನಿಗೆ ಎಳೆತ ಹೆಚ್ಚು, ಬ್ರೇಕಿಗೆ ಕೆಲಸ ಹೆಚ್ಚು. ವೇಗದ ಮುಳ್ಳು ೬೦ ತೋರಿಸುವಾಗ ಜೀಪು ನಿಜವಾಗಿ ೬೫ರಲ್ಲಿ ಓಡುತ್ತಿರುತ್ತದೆ.

ಗದ್ದೆಯಿಂದ ಹಿಂದಿರುಗುವ ದಾರಿ ಕಾಲುವೆಯ ಏರಿಯ ಮೇಲೆ. ಒಂದು ಕಡೆ ತುಂಬಿ ಹರಿಯುವ ನೀರು, ಇನ್ನೊಂದು ಕಡೆ ಇಳಿಜಾರು. ಹೊರಮೈ ಮಳೆಗೆ ಕರಗಿ ಓರೆಯಾಗಿರುತ್ತದೆ. ಎದುರಿನಿಂದ ಟ್ರ್ಯಾಕ್ಟರು ಬಂದರೆ ಅಂಚಿಗೆ ಸರಿಯಲೇಬೇಕು. ಜೀಪು ಒಂದು ಮಗ್ಗುಲಿಗೆ ವಾಲುತ್ತದೆ. ಅಜ್ಜಿ ಮುಂದಿನ ಕಂಬಿಯನ್ನು ಬಿಗಿಯಾಗಿ ಹಿಡಿದು ಬಸವೇಶ್ವರನನ್ನು ನೆನೆಯುತ್ತಾಳೆ. ಅಳಿಯನ ನಾಲ್ಕಿಂಚಿನ ಆಸೆ ಅವನ ಬಾಯಿಂದ ಮಾಯವಾಗುವುದು ಇಲ್ಲಿಯೇ. ಲೆಕ್ಕ ಕಷ್ಟದ್ದಲ್ಲ. ಎಡಬಲ ಗಾಲಿಗಳ ನಡುವಣ ಅಂತರ ೪೮ ಇಂಚು, ಭಾರದ ಕೇಂದ್ರ ನೆಲದಿಂದ ೨೪ ಇಂಚು ಎಂದಿಟ್ಟುಕೊಂಡರೆ, ಅಲುಗದೆ ನಿಂತ ಬಂಡಿ ೪೫ ಡಿಗ್ರಿಯವರೆಗೆ ವಾಲಿ ತಡೆದೀತು. ಕೇಂದ್ರವು ೨೮ ಇಂಚಿಗೆ ಏರಿದರೆ ಅದು ೪೦ರ ಹತ್ತಿರಕ್ಕೆ ಇಳಿಯುತ್ತದೆ. ಇದು ನಿಂತ ಬಂಡಿಯ ಮಾತು. ಓಡುವಾಗ, ತಿರುಗುವಾಗ, ಕೆಳಮಗ್ಗುಲಿನ ಪಟ್ಟಿ ಕುಗ್ಗಿದಾಗ, ಹಿಂದೆ ೭೫ ಕಿಲೋಗ್ರಾಮಿನ ಭತ್ತದ ಚೀಲಗಳು ಒಂದರ ಮೇಲೊಂದು ಇದ್ದಾಗ, ಅದಕ್ಕಿಂತ ಎಷ್ಟೋ ಮೊದಲೇ ಅಪಾಯ ಬಂದಿರುತ್ತದೆ. ಕೆಳಗೆ ಇರುವುದು ಕಾಲುವೆ.

ಬಳ್ಳಾರಿಗೆ ಮರಳುವಾಗ ಮಾವ ಸುತ್ತುದಾರಿ ಹಿಡಿಸಿ ಹಗರಿಯ ದಡಕ್ಕೆ ಕರೆದೊಯ್ಯುತ್ತಾನೆ. ವೇದಾವತಿಯೆಂಬ ಚೆಂದದ ಹೆಸರಿನ ನದಿಯನ್ನು ಇಲ್ಲಿಯವರು ಹಗರಿಯೆಂದೇ ಕರೆಯುವುದು. ನೀರಿಗಿಂತ ಮರಳೇ ಹೆಚ್ಚಾದ ಅಗಲವಾದ ಪಾತ್ರ. ಗಾಳಿಗೆ ಹಾರಿದ ಮರಳು ಹಿಂದೆ ದಡದ ಹೊಲಗಳನ್ನೇ ಮುಚ್ಚುತ್ತಿತ್ತು. ಇಲ್ಲಿ ಅಳಿಯನ ಅಗಲ ಟೈರಿಗೆ ನ್ಯಾಯ ಸಿಗುತ್ತದೆ, ಏಕೆಂದರೆ ಮರಳಿಗೆ ತಳವೇ ಇಲ್ಲ. ಸೀಳಿದಷ್ಟೂ ಗಾಲಿ ಹೂತುಹೋಗುತ್ತದೆ, ಒಂಟೆಯ ಪಾದದಂತೆ ಹರಡಿದ ಗಾಲಿಯೇ ಗೆಲ್ಲುವುದು. ಆದರೆ ವರುಷಕ್ಕೆ ನಾಲ್ಕು ಸಲ ಮರಳಿಗಿಳಿಯುವವನು ನೂರು ಸಲ ಕೆಸರಿಗಿಳಿಯುವ ಬಂಡಿಯ ಗಾಲಿಯನ್ನು ಬದಲಾಯಿಸಬೇಕಾಗಿಲ್ಲ. ಟೈರಿನ ಗಾಳಿಯನ್ನು ೩೦ ಪೌಂಡಿನಿಂದ ೧೮ಕ್ಕೆ ಇಳಿಸಿದರೆ ಕಿರಿದಾದ ಟೈರೂ ಉದ್ದಕ್ಕೆ ಹರಡಿಕೊಂಡು ಮರಳಿನ ಮೇಲೆ ನಿಲ್ಲುತ್ತದೆ. ರಸ್ತೆಗೆ ಬಂದ ಮೇಲೆ ಮತ್ತೆ ತುಂಬಲು ಒಂದು ಪಂಪು ಜೊತೆಗಿರಬೇಕು, ಅಷ್ಟೆ.

ಉಳಿದುದು ಶಾಕ್ ಅಬ್ಸಾರ್ಬರಿನ ಮಾತು. ಅದನ್ನು ಇತ್ಯರ್ಥ ಮಾಡಲು ಗ್ಯಾರೇಜು ಬೇಕು, ನೆಲಕ್ಕೆ ಮಂಡಿಯೂರಬೇಕು, ಅಳತೆಪಟ್ಟಿ ಹಿಡಿಯಬೇಕು. ಬಣ್ಣದ ಡಬ್ಬಿ ನೋಡಿ ಕೊಳ್ಳುವ ವಸ್ತು ಅದಲ್ಲ. ಕಮಾನು ಪಟ್ಟಿಯು ತೊಟ್ಟಿಲನ್ನು ತೂಗುವ ಕೈಯಾದರೆ, ಶಾಕ್ ಅಬ್ಸಾರ್ಬರು ತೂಗಾಟವನ್ನು ನಿಲ್ಲಿಸುವ ಕೈ. ಕೊಳವೆಯೊಳಗಿನ ಎಣ್ಣೆ ಸಣ್ಣ ರಂಧ್ರಗಳಲ್ಲಿ ನುಗ್ಗಿ ಹೋಗಲು ಪಡುವ ಕಷ್ಟವೇ ಅದರ ಬಲ. ಜೀಪಿನ ಭಾರ ಹೊರುವುದು ಅದಲ್ಲ, ಪಟ್ಟಿ. ಹಾಗಿರುವಾಗ ಶಾಕು ಬದಲಾಯಿಸಿ ಎತ್ತರ ಪಡೆಯುವೆನೆಂಬುದು ತೊಟ್ಟಿಲ ಹಗ್ಗ ಬಿಟ್ಟು ಗಿಲಕಿಯನ್ನು ಎಳೆದಂತೆ.

ಪಟ್ಟಿ ಎತ್ತರವಾದ ಮೇಲೆ ಹಳೆಯ ಶಾಕನ್ನೇ ಉಳಿಸಿಕೊಂಡರೆ, ಗಾಲಿ ಕುಣಿಗಿಳಿದಾಗಲೆಲ್ಲ ಶಾಕು ಪೂರ್ತಿ ಚಾಚಿ, ಅಚ್ಚಿನ ಭಾರವನ್ನೆಲ್ಲ ತಾನೇ ನೇತುಹಾಕಿಕೊಂಡು, ಒಂದು ದಿನ ಕುರುಗೋಡಿನ ಕಲ್ಲುಹಾದಿಯಲ್ಲಿ ಕಿತ್ತುಬರುತ್ತದೆ. ಬೇಕೆಂದು ತೀರ ಉದ್ದದ್ದನ್ನು ತಂದರೆ, ಗಾಲಿ ಮೇಲೆದ್ದಾಗ ಅದು ತಳಮುಟ್ಟಿ ತನ್ನ ಮೈಯನ್ನೋ ಜೀಪಿನ ಚೌಕಟ್ಟಿನ ಕೊಂಡಿಯನ್ನೋ ಒಡೆಯುತ್ತದೆ. ಹೊಸ ಪಟ್ಟಿ ಕಟ್ಟಿದ ಮೇಲೆ ಎರಡು ಅಳತೆ ತೆಗೆಯಬೇಕು. ಅಚ್ಚು ಮೇಲೆದ್ದು ತಡೆರಬ್ಬರಿಗೆ ತಾಗಿರುವಾಗ ಶಾಕಿನ ಎರಡು ಬೋಲ್ಟುಗಳ ನಡುವಣ ದೂರ ಒಂದು. ಜಾಕಿನಿಂದ ಮೈಯನ್ನೆತ್ತಿ ಗಾಲಿ ತಾನಾಗಿ ಜೋತಾಡುವಾಗಿನ ದೂರ ಇನ್ನೊಂದು. ಕೊಳ್ಳುವ ಶಾಕು ಮಡಚಿದಾಗ ಮೊದಲನೆಯದಕ್ಕಿಂತ ಅರ್ಧದಿಂದ ಒಂದು ಇಂಚು ಗಿಡ್ಡವಿರಬೇಕು, ಚಾಚಿದಾಗ ಎರಡನೆಯದಕ್ಕಿಂತ ತುಸು ಉದ್ದವಿರಬೇಕು. ಎರಡೂ ಒಟ್ಟಿಗೆ ಹೊಂದದಿದ್ದರೆ ತಡೆರಬ್ಬರನ್ನು ಸ್ವಲ್ಪ ಕೆಳಗಿಳಿಸಿಕೊಡುವುದುಂಟು. ಗಡುಸಿನ ವಿಷಯದಲ್ಲಿ ಪಟ್ಟಿಯನ್ನೂ ಹೇರನ್ನೂ ನೋಡಬೇಕು. ಚೀಲ ಹೇರುವ ಜೀಪಿನ ಗಡುಸು ಪಟ್ಟಿಗೆ ಮೆತ್ತನೆಯ ಶಾಕು ಸಾಲದು; ಬರಿದಾಗಿ ಓಡುವ ಜೀಪಿಗೆ ಗಡುಸು ಶಾಕು ಹಾಕಿದರೆ ಅಜ್ಜಿಯ ಸೊಂಟ ಉಳಿಯದು. ಕುಳಿಬಿದ್ದ ರಸ್ತೆಯಲ್ಲಿ ಗಂಟೆಗಟ್ಟಲೆ ಓಡಿದಾಗ ಎಣ್ಣೆ ಬಿಸಿಯಾಗಿ ನೊರೆಯೇಳುವುದನ್ನು ತಡೆಯಲು ನೈಟ್ರೊಜನ್ ಅನಿಲ ತುಂಬಿದ ಶಾಕುಗಳು ದೊರೆಯುತ್ತವೆ. ಬಳ್ಳಾರಿಯ ಬಿಸಿಲಿಗೆ ಅವಕ್ಕೆ ಕೊಡುವ ಹೆಚ್ಚಿನ ಬೆಲೆ ದಂಡವಲ್ಲ.

ಅಗ್ಗದ ಉಪಾಯಗಳೂ ಉಂಟು. ಪಟ್ಟಿಯ ತುದಿಯ ಶ್ಯಾಕಲ್ಲನ್ನು ಎರಡಿಂಚು ಉದ್ದ ಮಾಡಿದರೆ ಜೀಪು ಒಂದಿಂಚು ಏರುತ್ತದೆ. ಆದರೆ ಶ್ಯಾಕಲ್ ಮುಂದುಗಡೆ ಇರುವ ಹಳೆಯ ಜೀಪುಗಳಲ್ಲಿ ಹಾಗೆ ಮಾಡಿದರೆ ಮುಂದಿನ ಅಚ್ಚು ತುಸು ತಿರುಗಿಕೊಳ್ಳುತ್ತದೆ. ಸ್ಟೇರಿಂಗು ತಾನಾಗಿ ನೇರಕ್ಕೆ ಬರುವ ಗುಣ ಕಳೆದುಕೊಂಡು ಬಂಡಿ ರಸ್ತೆಯುದ್ದಕ್ಕೂ ಅತ್ತಿತ್ತ ಅಲೆಯುತ್ತದೆ. ಇನ್ನು ಬ್ರೇಕಿನ ರಬ್ಬರು ಕೊಳವೆಯ ಉದ್ದವನ್ನು ನೋಡದೆ ಎತ್ತರ ಮಾಡಿಸುವುದಂತೂ ಆತ್ಮಹತ್ಯೆಯೇ ಸರಿ. ಕಾನೂನೂ ಒಂದಿದೆ. ನೋಂದಣಿ ಪತ್ರದಲ್ಲಿರುವ, ಕಂಪನಿ ಗೊತ್ತುಮಾಡಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಬಾರದೆಂದು ೨೦೧೯ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದುದರಿಂದ ಗ್ಯಾರೇಜಿಗೆ ಹೋಗುವ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ.

ಮನೆಗೆ ಬಂದ ಸಂಜೆ ಮಾವ ಅಂಗಳದಲ್ಲಿ ಬಿದ್ದಿದ್ದ ಇಟ್ಟಿಗೆ, ಹಲಗೆಗಳನ್ನು ಒಟ್ಟುಮಾಡುತ್ತಾನೆ. ನಾಲ್ಕು ಗಾಲಿಗಳ ಕೆಳಗೂ ಸರಿಯಾಗಿ ಐದೂಕಾಲು ಇಂಚು. ನಾಲ್ಕಿಂಚು ಪಟ್ಟಿಯದು, ಒಂದೂಕಾಲು ಗಾಲಿಯದು.

“ಅವ್ವಾ, ಒಂದು ಸಲ ಹತ್ತು ನೋಡೋಣು.”

ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಂಬಿ ಹಿಡಿದು, ಒಂದು ಕಾಲೆತ್ತುತ್ತಾಳೆ. ಕಾಲು ಮೆಟ್ಟಿಲಿಗೆ ನಿಲುಕದು. “ಏ ಯಪ್ಪಾ, ಇದೇನು ಜೀಪೋ ಅಟ್ಟಾನೋ! ಏಣಿ ತರ್ರಿ,” ಎನ್ನುತ್ತಾಳೆ.

ಅಳಿಯನೇ ಮುಂದೆ ಬಂದು ಎರಡಿಂಚಿನ ಹಲಗೆಗಳನ್ನು ತೆಗೆಯುತ್ತಾನೆ. ಗಾಲಿಯಿಂದ ಬರುವ ಒಂದೂಕಾಲು, ಪಟ್ಟಿಯಿಂದ ಎರಡು. ಅಜ್ಜಿ ಇನ್ನೊಮ್ಮೆ ಕಾಲೆತ್ತುತ್ತಾಳೆ. ಮಂಡಿ ಹಿಡಿದುಕೊಂಡು, ಗೊಣಗಿಕೊಂಡು, ಹತ್ತಿ ಕುಳಿತೇಬಿಡುತ್ತಾಳೆ.

“ಇಷ್ಟಾದ್ರ ನಡೀತೈತಿ. ಒಂದು ಮೆಟ್ಟಿಲು ಮಾತ್ರ ಕೆಳಗ ಬೆಸಿಗಿ ಹಾಕಿಸು,” ಎಂದು ಮಾವ ಸುಣ್ಣದ ಕಡ್ಡಿಯಿಂದ ಗೋಡೆಯ ಮೇಲೆ ಗೆರೆಯೆಳೆದು ಅಳತೆ ಬರೆದಿಡುತ್ತಾನೆ. ಅಜ್ಜಿ ಇಳಿಯುವ ಮನಸ್ಸು ಮಾಡದೆ, ಮುಂದಿನ ಹುಣ್ಣಿಮೆಗೆ ಮತ್ತೆ ಕುರುಗೋಡಿಗೆ ಯಾವಾಗ ಹೊರಡುವುದೆಂದು ಕೇಳುತ್ತಿರುತ್ತಾಳೆ.